ಗಂಜಿ ಒಲೆಯಿಂದ ಆರಿದ್ರಾ ನಕ್ಷತ್ರದ ತನಕ: ಪರಮಾಣುವಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಜೂನ್‌ನಿಂದ ಸೆಪ್ಟೆಂಬರ್ ತನಕ ಉಡುಪಿಯಲ್ಲಿ ಆಕಾಶ ಇರುವುದಿಲ್ಲ. ಮೋಡ ಇರುತ್ತದೆ, ಅಷ್ಟೇ. ಆ ನಾಲ್ಕು ತಿಂಗಳು ನನ್ನ ಟೆಲಿಸ್ಕೋಪ್ ಹಳೇ ಸೀರೆ ಸುತ್ತಿಕೊಂಡು ಅಕ್ಕಿ ಡಬ್ಬದ ಪಕ್ಕ ಮಲಗಿರುತ್ತದೆ. ಮೊದಲನೇ ವರ್ಷ ಹೀಗೆ ಸುತ್ತಿಡಲಿಲ್ಲ, ಮಸೂರಕ್ಕೆ ಬೂಸ್ಟು ಹಿಡಿಯಿತು. ಮಾರಿದ ಅಂಗಡಿಯವರನ್ನು ಕೇಳಿದರೆ ನಿಮ್ಮೂರಿನ ಗಾಳಿಯೇ ಸರಿಯಿಲ್ಲ ಅಂದುಬಿಟ್ಟರು!

ಆಕಾಶ ನೋಡಲು ಟೆರೇಸಿಗೆ ಬರುವ ಮಕ್ಕಳು ಮಳೆಗಾಲದಲ್ಲೂ ಬರುತ್ತಾರೆ. ನೋಡಲು ಏನೂ ಇಲ್ಲದ ಕಾರಣ ಪ್ರಶ್ನೆ ಕೇಳುತ್ತಾರೆ. ಅವರ ಜೊತೆ ಬಂದ ಅಮ್ಮಂದಿರು, ಅಜ್ಜಂದಿರು ಇನ್ನೂ ಜಾಸ್ತಿ ಕೇಳುತ್ತಾರೆ. ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದ ಮೇಲೂ ಪ್ರಶ್ನೆಗಳು ನನ್ನನ್ನು ಬಿಟ್ಟಿಲ್ಲ. ಸುತ್ತಿ ಸುತ್ತಿ ಬರುವ ಕೆಲವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಟೀಚರ್, ಪರಮಾಣು ಅಂದರೆ ಒಂದು ಪುಟ್ಟ ಸೌರವ್ಯೂಹ ಅಲ್ವಾ?

ಈ ಪ್ರಶ್ನೆಗೆ ಅರ್ಧ ತಪ್ಪು ನಮ್ಮದೇ. ಬೋರ್ಡಿನ ಮೇಲೆ ಮಧ್ಯದಲ್ಲಿ ಒಂದು ಚುಕ್ಕಿ, ಸುತ್ತ ಮೂರು ವೃತ್ತ ಬಿಡಿಸಿ ಇದೇ ಪರಮಾಣು ಅಂತ ಹೇಳಿದವರು ನಾವು. ರುದರ್‌ಫೋರ್ಡ್ 1911ರಲ್ಲಿ ಪರಮಾಣುವಿನ ನಡುವೆ ಗಟ್ಟಿಯಾದ ಬೀಜ ಇದೆ ಅಂತ ತೋರಿಸಿದರು. ಬೋರ್ 1913ರಲ್ಲಿ ಎಲೆಕ್ಟ್ರಾನ್‌ಗಳಿಗೆ ಕಕ್ಷೆ ಕೊಟ್ಟರು. ಆಮೇಲೆ ವಿಜ್ಞಾನ ಮುಂದೆ ಹೋಯಿತು, ನಮ್ಮ ಚಿತ್ರ ಅಲ್ಲೇ ಉಳಿಯಿತು.

ಎಲೆಕ್ಟ್ರಾನ್ ಗ್ರಹದ ಹಾಗೆ ದಾರಿ ಹಿಡಿದು ಸುತ್ತುವುದಿಲ್ಲ. ಬೀಜದ ಸುತ್ತ ಮಂಜಿನ ಹಾಗೆ ಹರಡಿಕೊಂಡಿರುತ್ತದೆ ಅಂದರೆ ನಿಜಕ್ಕೆ ಹತ್ತಿರ. ಎಷ್ಟು ಹರಡಿರುತ್ತದೆ? ಮಂಗಳೂರಿನ ನೆಹರೂ ಮೈದಾನದ ನಡುವೆ ಒಂದು ಸಾಸಿವೆ ಕಾಳು ಇಡಿ. ಅದು ಹೈಡ್ರೋಜನ್‌ನ ಬೀಜ. ಅದರ ಎಲೆಕ್ಟ್ರಾನಿನ ಮಂಜು ಸುಮಾರು ನೂರು ಮೀಟರ್ ಅಗಲ. ಲೆಕ್ಕ ಹಾಕಿದರೆ ಬೀಜಕ್ಕಿಂತ ಪರಮಾಣು 60,000 ಪಟ್ಟು ದೊಡ್ಡದು. ಸೂರ್ಯನಿಗಿಂತ ನೆಪ್ಚೂನ್‌ನ ಕಕ್ಷೆ ದೊಡ್ಡದಿರುವುದು 6,500 ಪಟ್ಟು ಮಾತ್ರ. ಅಂದರೆ ಸೌರವ್ಯೂಹಕ್ಕಿಂತ ನಿಮ್ಮ ಉಗುರು ಹತ್ತು ಪಟ್ಟು ಖಾಲಿ.

ಅಷ್ಟು ಖಾಲಿ ಇದ್ದರೆ ನಾನು ಕುರ್ಚಿಯೊಳಗೆ ಇಳಿದು ಹೋಗಬೇಕಿತ್ತಲ್ಲ?

ಎಂಟನೇ ಕ್ಲಾಸಿನ ಒಬ್ಬ ಹುಡುಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಪ್ಪಳಿಸುತ್ತಾ ಇದನ್ನು ಕೇಳಿದ. ಒಳ್ಳೆಯ ಪ್ರಶ್ನೆ. ಇದಕ್ಕೆ ಸಿಕ್ಕ ಉತ್ತರ ಸತ್ತ ನಕ್ಷತ್ರಗಳ ತನಕ ಹೋಗುತ್ತದೆ.

ಉಡುಪಿ–ಮಂಗಳೂರು ಬಸ್ಸನ್ನು ನೆನಪು ಮಾಡಿಕೊಳ್ಳಿ. ಇಬ್ಬರು ಕೂರುವ ಸೀಟುಗಳು. ಮೂರನೆಯವರು ಬಂದರೆ ಹಿಂದಿನ ಸೀಟಿಗೆ ಹೋಗಬೇಕು. ನಿಂತು ಪ್ರಯಾಣ ಇಲ್ಲ ಅಂತಿಟ್ಟುಕೊಳ್ಳಿ (ನಮ್ಮ ಬಸ್ಸಿನಲ್ಲಿ ಇದು ಕಲ್ಪನೆಗೂ ಮೀರಿದ್ದು, ಇರಲಿ). ಎಲೆಕ್ಟ್ರಾನ್‌ಗಳ ನಿಯಮ ಹೀಗೇ. ಒಂದು ಜಾಗಕ್ಕೆ ಎರಡೇ. 1925ರಲ್ಲಿ ಪೌಲಿ ಕಂಡುಕೊಂಡದ್ದು ಇದನ್ನು. ಕುರ್ಚಿಯ ಎಲೆಕ್ಟ್ರಾನ್‌ಗಳ ಸೀಟು ಭರ್ತಿ, ನಿಮ್ಮವೂ ಭರ್ತಿ. ಒಂದರೊಳಗೆ ಒಂದು ನುಗ್ಗಲು ಜಾಗ ಕೊಡುವುದಿಲ್ಲ. ವಿದ್ಯುತ್ತಿನ ವಿಕರ್ಷಣೆಯೂ ಸೇರಿ ನಿಮ್ಮನ್ನು ಮೇಲೆಯೇ ಹಿಡಿದಿಡುತ್ತದೆ.

ಮೂಲವಸ್ತುಗಳ ಗುಣ ಹುಟ್ಟುವುದೂ ಈ ಸೀಟಿನ ಲೆಕ್ಕದಿಂದಲೇ. ಕೊನೆಯ ಸಾಲಿನಲ್ಲಿ ಒಬ್ಬರೇ ಕೂತಿದ್ದರೆ ಸೋಡಿಯಂ, ಅವರನ್ನು ಬಿಟ್ಟುಕೊಡಲು ಅದು ಸದಾ ತಯಾರು. ಕೊನೆಯ ಸಾಲು ಪೂರ್ತಿ ತುಂಬಿದ್ದರೆ ನಿಯಾನ್, ಯಾರ ಜೊತೆಗೂ ಮಾತಿಲ್ಲ.

ಇನ್ನು ನಕ್ಷತ್ರ. ಸೂರ್ಯನಂಥದ್ದು ಇಂಧನ ಮುಗಿದ ಮೇಲೆ ಕುಗ್ಗಿ ಭೂಮಿಯಷ್ಟು ಚಿಕ್ಕದಾಗುತ್ತದೆ. ಅದನ್ನು ಶ್ವೇತಕುಬ್ಜ ಅಂತಾರೆ. ಒಂದು ಚಮಚದಷ್ಟು ತೆಗೆದರೆ ಕೆಲವು ಟನ್ ತೂಕ. ಅದು ಇನ್ನೂ ಕುಸಿಯದ ಹಾಗೆ ತಡೆಯುವುದು ಯಾವುದು? ಇದೇ ಸೀಟಿನ ನಿಯಮ. ಆದರೆ ಅದಕ್ಕೂ ಒಂದು ಮಿತಿ ಇದೆ. 1930ರಲ್ಲಿ ಇಂಗ್ಲೆಂಡಿಗೆ ಹಡಗಿನಲ್ಲಿ ಹೋಗುತ್ತಿದ್ದ 19 ವರ್ಷದ ಚಂದ್ರಶೇಖರ್ ಆ ಮಿತಿಯ ಲೆಕ್ಕ ಶುರು ಮಾಡಿದರು. ಸೂರ್ಯನ ಸುಮಾರು 1.4 ಪಟ್ಟಿಗಿಂತ ಭಾರವಾದರೆ ಎಲೆಕ್ಟ್ರಾನ್‌ಗಳೂ ತಡೆಯಲಾರವು. ನೊಬೆಲ್ ಬಂದದ್ದು 1983ರಲ್ಲಿ, 53 ವರ್ಷ ಕಳೆದ ಮೇಲೆ.

ಅಷ್ಟು ದೂರದ ನಕ್ಷತ್ರದಲ್ಲಿ ಏನಿದೆ ಅಂತ ಇಲ್ಲಿ ಕೂತು ಹೇಗೆ ಗೊತ್ತಾಗುತ್ತೆ?

ಕುಚ್ಚಲಕ್ಕಿ ಗಂಜಿಗೆ ಉಪ್ಪು ಹಾಕಿ ಒಲೆಯ ಮೇಲಿಟ್ಟು ಫೋನಿನಲ್ಲಿ ಮಾತಿಗೆ ಕೂತರೆ ಏನಾಗುತ್ತದೆ? ಉಕ್ಕುತ್ತದೆ. ತಿಳಿ ಬರ್ನರಿನ ಮೇಲೆ ಸುರಿದು ಚುರ್ ಅನ್ನುತ್ತದೆ. ಆಗ ಜ್ವಾಲೆಯನ್ನು ನೋಡಿದ್ದೀರಾ? ನೀಲಿ ಇದ್ದದ್ದು ಒಮ್ಮೆಲೇ ಹಳದಿಯಾಗುತ್ತದೆ. ನಾನು ಮೊದಲು ಬೈದುಕೊಂಡು ಒರೆಸುತ್ತಿದ್ದೆ. ಈಗ ಎರಡು ಕ್ಷಣ ನಿಂತು ನೋಡಿ ಆಮೇಲೆ ಒರೆಸುತ್ತೇನೆ.

ಆ ಹಳದಿ ಉಪ್ಪಿನಲ್ಲಿರುವ ಸೋಡಿಯಂನದ್ದು. ಬಿಸಿಗೆ ಅದರ ಹೊರಗಿನ ಎಲೆಕ್ಟ್ರಾನ್ ಮೇಲಿನ ಸೀಟಿಗೆ ಹಾರಿ, ಮತ್ತೆ ಕೆಳಗೆ ಇಳಿಯುವಾಗ ಒಂದು ನಿಗದಿಯಾದ ಬಣ್ಣದ ಬೆಳಕು ಬಿಡುತ್ತದೆ. ಆ ಬೆಳಕಿನ ಅಲೆಯ ಉದ್ದ 589 ನ್ಯಾನೋಮೀಟರ್. ನಿಮ್ಮ ಒಲೆಯಲ್ಲೂ ಅಷ್ಟೇ, ಸೂರ್ಯನಲ್ಲೂ ಅಷ್ಟೇ. ಪ್ರತಿ ಮೂಲವಸ್ತುವಿಗೂ ತನ್ನದೇ ಬಣ್ಣದ ಗೆರೆಗಳಿವೆ, ಹೆಬ್ಬೆಟ್ಟಿನ ಗುರುತು ಇದ್ದ ಹಾಗೆ. ಜಾತ್ರೆಯ ಸುಡುಮದ್ದಿನಲ್ಲಿ ಕೆಂಪು ಸ್ಟ್ರಾನ್ಷಿಯಂನದ್ದು, ಹಸಿರು ಬೇರಿಯಂನದ್ದು. ಬುನ್ಸೆನ್ ಮತ್ತು ಕಿರ್ಕಾಫ್ ಇದನ್ನು 1859ರ ಹೊತ್ತಿಗೆ ಬಿಡಿಸಿ ಹೇಳಿದರು. ಅಲ್ಲಿಂದ ಮುಂದೆ ಬೆಳಕು ಸಿಕ್ಕರೆ ಸಾಕು, ಸಾಮಾನಿನ ಪಟ್ಟಿ ಸಿಕ್ಕಿದ ಹಾಗೆ.

ಮುಂದಿನ ಕಥೆಯಲ್ಲಿ ನಮ್ಮ ಕರ್ನಾಟಕವೂ ಇದೆ. 1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ನೆರಳು ಭಾರತದ ಮೇಲೆ ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್, ಜಮಖಂಡಿಯಲ್ಲಿ ಜಾನ್ ಹರ್ಷೆಲ್ ಉಪಕರಣ ಇಟ್ಟುಕೊಂಡು ಕಾದರು. ಸೂರ್ಯನ ಅಂಚಿನ ಜ್ವಾಲೆಯಲ್ಲಿ ಒಂದು ಹಳದಿ ಗೆರೆ ಕಂಡಿತು. ಮೊದಲು ಸೋಡಿಯಂ ಇರಬೇಕು ಅಂದುಕೊಂಡರು, ಅದೇ ನಮ್ಮ ಗಂಜಿಯ ಹಳದಿ. ಆದರೆ ಗೆರೆ ಸ್ವಲ್ಪವೇ ಸ್ವಲ್ಪ ಪಕ್ಕದಲ್ಲಿತ್ತು. ಅದೇ ವರ್ಷ ಇಂಗ್ಲೆಂಡಿನಲ್ಲಿ ಲಾಕಿಯರ್ ಗ್ರಹಣವಿಲ್ಲದೆಯೇ ಆ ಗೆರೆಯನ್ನು ನೋಡಿ ಇದು ಸೋಡಿಯಂ ಅಲ್ಲ ಅಂತ ಗುರುತಿಸಿದರು. ಭೂಮಿಯ ಮೇಲೆ ಯಾರೂ ನೋಡಿರದ ಮೂಲವಸ್ತು. ಗ್ರೀಕರ ಸೂರ್ಯನ ಹೆಸರಿನಿಂದ ಹೀಲಿಯಂ ಅಂತ ಕರೆದರು. ಭೂಮಿಯ ಮೇಲೆ ರಾಮ್ಸೆ ಅದನ್ನು ಹಿಡಿದದ್ದು 1895ರಲ್ಲಿ.

ಗೆರೆಗಳು ಗೊತ್ತಾದವು, ಆದರೆ ಯಾವುದು ಎಷ್ಟಿದೆ ಅಂತ ಗೊತ್ತಾಗಲು ಮೇಘನಾದ ಸಾಹಾ ಬೇಕಾಯಿತು. ಬಿಸಿ ಏರಿದ ಹಾಗೆ ಪರಮಾಣು ಎಷ್ಟು ಎಲೆಕ್ಟ್ರಾನ್ ಕಳೆದುಕೊಳ್ಳುತ್ತದೆ ಅಂತ 1920ರಲ್ಲಿ ಅವರು ಸಮೀಕರಣ ಕೊಟ್ಟರು. ಅದನ್ನು ಹಿಡಿದು ಸಿಸಿಲಿಯಾ ಪೇನ್ 1925ರಲ್ಲಿ ಲೆಕ್ಕ ಹಾಕಿದಾಗ ನಕ್ಷತ್ರಗಳಲ್ಲಿ ಇರುವುದು ಹೆಚ್ಚಾಗಿ ಹೈಡ್ರೋಜನ್, ಹೀಲಿಯಂ ಅಂತ ಬಂತು. ದೊಡ್ಡ ದೊಡ್ಡವರು ನಂಬಲಿಲ್ಲ. ಹೇಳಿದವಳು 25 ವರ್ಷದ ಹುಡುಗಿ ಅಲ್ವಾ! ಆಕೆಯೇ ತನ್ನ ಫಲಿತಾಂಶದ ಬಗ್ಗೆ ಸಂಶಯ ಬರೆಯಬೇಕಾಯಿತು. ನಾಲ್ಕು ವರ್ಷದಲ್ಲಿ ಅವರೂ ಒಪ್ಪಿದರು.

ಸೂರ್ಯ ಹೈಡ್ರೋಜನ್ ಬಾಂಬ್ ಅಂತಾರೆ. ಹಾಗಾದರೆ ಒಮ್ಮೆಲೇ ಯಾಕೆ ಸಿಡಿಯುವುದಿಲ್ಲ?

ಬಾಂಬ್ ಅನ್ನುವ ಮಾತೇ ನನಗೆ ಹಿಡಿಸುವುದಿಲ್ಲ. ಸೂರ್ಯನನ್ನು ಹೋಲಿಸಬೇಕಾದರೆ ಗೊಬ್ಬರದ ಗುಂಡಿಗೆ ಹೋಲಿಸಬೇಕು.

ತಮಾಷೆ ಅಲ್ಲ. ಹಟ್ಟಿಯ ಹಿಂದಿನ ಗೊಬ್ಬರದ ರಾಶಿಯನ್ನು ಬೆಳಿಗ್ಗೆ ಕೆದಕಿದರೆ ಹಬೆ ಬರುತ್ತದಲ್ಲ? ಸೂರ್ಯನ ನಟ್ಟನಡುವಿನ ಒಂದು ಘನ ಮೀಟರ್ ಜಾಗದಲ್ಲಿ ಹುಟ್ಟುವ ಶಾಖ 300 ವ್ಯಾಟ್‌ಗೂ ಕಡಿಮೆ. ಅಷ್ಟೇ ಜಾಗದ ಗೊಬ್ಬರವೂ ಹೆಚ್ಚುಕಡಿಮೆ ಹಾಗೇ ಬಿಸಿಯಾಗುತ್ತದೆ. ನಮ್ಮ ದೇಹವನ್ನೇ ಅದೇ ಅಳತೆಯಲ್ಲಿ ನೋಡಿದರೆ ಸಾವಿರ ವ್ಯಾಟ್ ದಾಟುತ್ತದೆ. ಗಂಜಿ ಕುಡಿದು ಕೂತ ಅಜ್ಜ ಜಾಗದ ಲೆಕ್ಕದಲ್ಲಿ ಸೂರ್ಯನಿಗಿಂತ ಬಿಸಿ! ಸೂರ್ಯ ಅಷ್ಟು ಪ್ರಖರವಾಗಿರುವುದು ಗಾತ್ರದಿಂದ. ಎಲ್ಲ ಸೇರಿಸಿದರೆ ಪ್ರತಿ ಸೆಕೆಂಡಿಗೆ ಸುಮಾರು 60 ಕೋಟಿ ಟನ್ ಹೈಡ್ರೋಜನ್ ಹೀಲಿಯಂ ಆಗುತ್ತದೆ. ಅದರಲ್ಲಿ ಸುಮಾರು 40 ಲಕ್ಷ ಟನ್ ಬೆಳಕಾಗಿ ಹೊರಟುಹೋಗುತ್ತದೆ.

ಇಷ್ಟು ನಿಧಾನ ಯಾಕೆ? ಎರಡು ಪ್ರೋಟಾನ್, ಅಂದರೆ ಹೈಡ್ರೋಜನ್‌ನ ಬೀಜಗಳು, ಸೇರಬೇಕು, ಆದರೆ ಎರಡೂ ಧನ ವಿದ್ಯುತ್ತಿನವು, ಒಂದನ್ನೊಂದು ದೂಡುತ್ತವೆ. ಒಳಗೆ ಒಂದೂವರೆ ಕೋಟಿ ಡಿಗ್ರಿ ಇದ್ದರೂ ಆ ಗೋಡೆ ಹತ್ತುವಷ್ಟು ವೇಗ ಅವಕ್ಕಿಲ್ಲ. ಆದರೆ ಪ್ರೋಟಾನ್ ಕೂಡ ಮಂಜಿನ ಹಾಗೆ ಹರಡಿರುವ ವಸ್ತು. ಅಪರೂಪಕ್ಕೊಮ್ಮೆ ಗೋಡೆ ಹತ್ತದೆಯೇ ಆಚೆ ಕಡೆ ಕಾಣಿಸಿಕೊಳ್ಳುತ್ತದೆ. 1928ರಲ್ಲಿ ಗ್ಯಾಮೋ ತೋರಿಸಿಕೊಟ್ಟ ಸುರಂಗದಾಟ ಇದು. ಅಷ್ಟಾದರೂ ಸಾಲದು. ಸೇರಿದ ಆ ಕ್ಷಣದಲ್ಲೇ ಎರಡರಲ್ಲಿ ಒಂದು ಪ್ರೋಟಾನ್ ವಿದ್ಯುತ್ತಿಲ್ಲದ ಕಣ, ಅಂದರೆ ನ್ಯೂಟ್ರಾನ್, ಆಗಿ ಬದಲಾಗಬೇಕು. ಅದು ಇನ್ನೂ ಅಪರೂಪ. ಸೂರ್ಯನೊಳಗೆ ಒಂದು ಪ್ರೋಟಾನ್ ತನ್ನ ಜೋಡಿಗೆ ಸರಾಸರಿ ನೂರಾರು ಕೋಟಿ ವರ್ಷ ಕಾಯುತ್ತದೆ.

ಆ ಕಾಯುವಿಕೆಯೇ ನಮ್ಮ ಆಯುಷ್ಯ. ಪರಮಾಣುವಿನ ಬೀಜಗಳು ಅವಸರಗಾರರಾಗಿದ್ದರೆ ಸೂರ್ಯ ಎಂದೋ ಮುಗಿದಿರುತ್ತಿದ್ದ, ಭೂಮಿಯಲ್ಲಿ ಪಾಚಿ ಕಟ್ಟುವಷ್ಟೂ ಸಮಯ ಸಿಗುತ್ತಿರಲಿಲ್ಲ. ಸ್ವಲ್ಪ ಜಾಸ್ತಿ ಉರಿದರೂ ಸೂರ್ಯ ಉಬ್ಬುತ್ತಾನೆ, ಉಬ್ಬಿದರೆ ತಣಿಯುತ್ತಾನೆ, ಬೆಂಕಿ ತಾನೇ ಇಳಿಯುತ್ತದೆ. ಗ್ಯಾಸ್ ಒಲೆಗೆ ಈ ಬುದ್ಧಿ ಇದ್ದಿದ್ದರೆ ನನ್ನ ಗಂಜಿ ಉಕ್ಕುತ್ತಿರಲಿಲ್ಲ.

ಸೂರ್ಯ ಯಾವಾಗ ಆರಿಹೋಗುತ್ತಾನೆ?

ಈಗ ವಯಸ್ಸು ಸುಮಾರು 460 ಕೋಟಿ ವರ್ಷ. ಇನ್ನೂ ಸುಮಾರು 500 ಕೋಟಿ ವರ್ಷದ ಹೈಡ್ರೋಜನ್ ಇದೆ. ಮಗಳ ಮದುವೆ ನಿಶ್ಚಿಂತೆಯಿಂದ ಮಾಡಿ.

ನಾವೆಲ್ಲ ನಕ್ಷತ್ರದ ಧೂಳು ಅಂತಾರೆ. ನಿಜವಾ?

ಕೇಳಲು ಚೆಂದ. ಆದರೆ ಎಣಿಸಿ ನೋಡಿದರೆ ಅರ್ಧ ಸುಳ್ಳು. ನಿಮ್ಮ ಮೈಯಲ್ಲಿರುವ ನೂರು ಪರಮಾಣು ತೆಗೆದರೆ ಅದರಲ್ಲಿ 62 ಹೈಡ್ರೋಜನ್. ಹೈಡ್ರೋಜನ್ ಯಾವ ನಕ್ಷತ್ರದಲ್ಲೂ ತಯಾರಾದದ್ದಲ್ಲ. ಸುಮಾರು 1,380 ಕೋಟಿ ವರ್ಷದ ಹಿಂದೆ, ವಿಶ್ವ ಹುಟ್ಟಿದ ಮೊದಲ ಗಳಿಗೆಯಲ್ಲಿ ಬಂದದ್ದು. ನಕ್ಷತ್ರಗಳಿಗೇ ಅದು ಅಜ್ಜಿ.

ತೂಕದ ಲೆಕ್ಕ ಬೇರೆ. ಹೈಡ್ರೋಜನ್ ಹಗುರ, ತೂಕದಲ್ಲಿ ಹತ್ತನೇ ಒಂದು ಭಾಗ ಮಾತ್ರ. ಉಳಿದದ್ದು ನಿಜವಾಗಿಯೂ ನಕ್ಷತ್ರಗಳ ಅಡಿಗೆ. ಆಮ್ಲಜನಕ ಶೇಕಡಾ 65, ಅದು ಬಂದದ್ದು ಹೆಚ್ಚಾಗಿ ಸಿಡಿದ ದೊಡ್ಡ ನಕ್ಷತ್ರಗಳಿಂದ. ಇಂಗಾಲ 18. ಸಾರಜನಕ 3, ಅದರ ಬಹುಪಾಲು ಸೂರ್ಯನಂಥ ನಕ್ಷತ್ರಗಳು ಸಾಯುವಾಗ ಮೆಲ್ಲಗೆ ಊದಿ ಬಿಟ್ಟದ್ದು. ಮರುವಾಯಿ ಸುಕ್ಕದ ಚಿಪ್ಪಿನಲ್ಲೂ ನಿಮ್ಮ ಹಲ್ಲಿನಲ್ಲೂ ಇರುವ ಕ್ಯಾಲ್ಸಿಯಂ ಸ್ಫೋಟಗಳದ್ದು. ರಕ್ತದಲ್ಲಿರುವ ಕಬ್ಬಿಣ ಇಡೀ ದೇಹಕ್ಕೆ ಸುಮಾರು ನಾಲ್ಕು ಗ್ರಾಂ, ಅದರಲ್ಲಿ ದೊಡ್ಡ ಪಾಲು ಸಿಡಿದ ಶ್ವೇತಕುಬ್ಜಗಳಿಂದ ಬಂದದ್ದು. ಒಂದೇ ನಕ್ಷತ್ರದ ಮಕ್ಕಳಲ್ಲ ನಾವು. ಹಲವು ಮನೆಯಿಂದ ಅಕ್ಕಿ ತಂದು ಮಾಡಿದ ಊಟ.

ಇಂಗಾಲದ ಬಗ್ಗೆ ಒಂದು ಮಾತು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. ಮೂರು ಹೀಲಿಯಂ ಸೇರಿದರೆ ಒಂದು ಇಂಗಾಲ. ಆದರೆ ಎರಡು ಸೇರಿದ ಜೋಡಿ ಕಣ್ಣು ಮಿಟುಕಿಸುವುದಕ್ಕೆ ಎಷ್ಟೋ ಮೊದಲೇ ಬಿಟ್ಟುಹೋಗುತ್ತದೆ. ಮೂರನೆಯದು ಬರುವುದು ಯಾವಾಗ? ಇಂಗಾಲದ ಬೀಜಕ್ಕೆ ಸರಿಯಾಗಿ ಒಂದು ನಿರ್ದಿಷ್ಟ ಶಕ್ತಿಯ ಮೆಟ್ಟಿಲು ಇದ್ದರೆ ಮಾತ್ರ ಇದು ಸಾಧ್ಯ ಅಂತ ಫ್ರೆಡ್ ಹಾಯ್ಲ್ 1953ರಲ್ಲಿ ಹೇಳಿದರು. ಪ್ರಯೋಗಾಲಯದವರು ಹುಡುಕಿದರು, ಮೆಟ್ಟಿಲು ಅಲ್ಲೇ ಇತ್ತು. ನಾನು ಇಲ್ಲಿದ್ದೇನೆ, ಆದ್ದರಿಂದ ಆ ಮೆಟ್ಟಿಲು ಇರಲೇಬೇಕು ಅನ್ನುವ ಧೈರ್ಯ ನೋಡಿ ಮಾರಾಯ್ರೆ!

ಮಣಿಪಾಲದಲ್ಲಿ ಎಂಆರ್‌ಐ ಮಾಡಿಸಿದೆ. ಅದರಲ್ಲೂ ಪರಮಾಣು ಇದೆ ಅಂದರು, ಹೌದಾ?

ಹೌದು. ನಿಮ್ಮ ಮೈಯ ನೀರಿನಲ್ಲಿರುವ ಹೈಡ್ರೋಜನ್ ಬೀಜಗಳನ್ನು ಆಯಸ್ಕಾಂತದಿಂದ ಸಾಲು ಹಿಡಿಸಿ, ರೇಡಿಯೋ ಅಲೆಯಿಂದ ತಟ್ಟಿ, ಅವು ಕೊಡುವ ಮರುದನಿಯಿಂದ ಚಿತ್ರ ಬರೆಯುತ್ತಾರೆ. ಮೊದಲು ಹೆಸರಿನಲ್ಲಿ ನ್ಯೂಕ್ಲಿಯರ್ ಅಂತ ಇತ್ತು, ಜನ ಹೆದರುತ್ತಾರೆ ಅಂತ ತೆಗೆದರು. ಕ್ಷ-ಕಿರಣ ಇದರಲ್ಲಿಲ್ಲ. ಗಡಗಡ ಸದ್ದು ಮಾತ್ರ ಇದೆ.

ಕಬ್ಬಿಣದ ತನಕ ಬಂದು ನಕ್ಷತ್ರ ಯಾಕೆ ನಿಲ್ಲುತ್ತದೆ?

ಹಗುರ ಬೀಜಗಳನ್ನು ಸೇರಿಸಿದರೆ ಶಕ್ತಿ ಸಿಗುತ್ತದೆ. ತುಂಬಾ ಭಾರದವನ್ನು ಒಡೆದರೆ ಶಕ್ತಿ ಸಿಗುತ್ತದೆ, ಕೈಗಾದಲ್ಲಿ ಮಾಡುವುದು ಅದನ್ನೇ. ಕಬ್ಬಿಣ ಎರಡರ ನಡುವಿನ ತಗ್ಗಿನಲ್ಲಿದೆ. ಅದನ್ನು ಸೇರಿಸಿದರೂ ಲಾಭ ಇಲ್ಲ, ಒಡೆದರೂ ಲಾಭ ಇಲ್ಲ.

ಸೂರ್ಯನ 25 ಪಟ್ಟು ಭಾರದ ನಕ್ಷತ್ರವೊಂದರ ದಿನಚರಿ ನೋಡಿ. ಹೈಡ್ರೋಜನ್ ಉರಿಸಲು ಸುಮಾರು 70 ಲಕ್ಷ ವರ್ಷ. ಇಂಗಾಲಕ್ಕೆ ಕೆಲವು ನೂರು ವರ್ಷ. ಆಮ್ಲಜನಕಕ್ಕೆ ತಿಂಗಳುಗಳು. ಸಿಲಿಕಾನ್‌ಗೆ ಒಂದು ದಿನ. ಕೊನೆಗೆ ನಡುವೆ ಕಬ್ಬಿಣದ ಗುಡ್ಡೆ, ಬೆಂಕಿ ಇಲ್ಲ. ಮೇಲಿನ ಭಾರ ಮಾತ್ರ ಇದೆ. ಆಗ ಆ ನಡುಭಾಗ ಒಂದು ಸೆಕೆಂಡಿನೊಳಗೆ ಕುಸಿಯುತ್ತದೆ, ಹೊರಗಿನದ್ದು ಸಿಡಿದುಹೋಗುತ್ತದೆ.

ಹಾಗಾದರೆ ನನ್ನ ಕರಿಮಣಿಯ ಚಿನ್ನ ಎಲ್ಲಿಂದ ಬಂತು?

ಇದನ್ನು ಕೇಳುವುದು ಯಾವಾಗಲೂ ಅಮ್ಮಂದಿರೇ. ಚಿನ್ನದ ಬೀಜದಲ್ಲಿ 79 ಪ್ರೋಟಾನ್. ಅಷ್ಟು ದೊಡ್ಡದನ್ನು ಮಾಡಬೇಕಾದರೆ ಕಬ್ಬಿಣದಂಥ ಬೀಜದ ಮೇಲೆ ನ್ಯೂಟ್ರಾನ್‌ಗಳು ಜಡಿಮಳೆಯ ಹಾಗೆ ಸುರಿಯಬೇಕು. ಅಂಥ ಮಳೆ ಎಲ್ಲಿ ಬರುತ್ತದೆ? 2017ರ ಆಗಸ್ಟ್ 17ರಂದು ಒಂದು ಉತ್ತರ ಸಿಕ್ಕಿತು. ಸುಮಾರು 13 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ನ್ಯೂಟ್ರಾನ್ ನಕ್ಷತ್ರಗಳು (ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಕುಸಿದ ನಡುಭಾಗ) ಸುತ್ತುತ್ತಾ ಸುತ್ತುತ್ತಾ ಒಂದಕ್ಕೊಂದು ಬಡಿದವು. ಅದರ ನಡುಕವನ್ನು ಗುರುತ್ವ ಅಲೆಯಾಗಿ ಹಿಡಿದರು, ಬೆಳಕನ್ನು ದೂರದರ್ಶಕಗಳು ಹಿಡಿದವು. ಭಾರದ ಮೂಲವಸ್ತುಗಳು ಅಲ್ಲಿ ಆಗಷ್ಟೇ ತಯಾರಾಗುತ್ತಿದ್ದವು. ಚಿನ್ನ ಬರುವ ದಾರಿ ಇದೊಂದೇ ಅಂತಲ್ಲ, ಆದರೆ ಕಣ್ಣಾರೆ ಕಂಡ ದಾರಿ ಇದು.

ಭೂಮಿಗೆ ಬಂದ ಚಿನ್ನದಲ್ಲೂ ಹೆಚ್ಚಿನದ್ದು ಕಬ್ಬಿಣದ ಜೊತೆ ಸೇರಿ ಗರ್ಭಕ್ಕೆ ಇಳಿದಿದೆ. ಕೈಗೆ ಸಿಕ್ಕಿದ್ದು ಅಂಚಿನಲ್ಲಿ ಉಳಿದ ಚೂರು. ಹಳದಿ ಬಣ್ಣದ ಕಾರಣವೂ ಪರಮಾಣುವೇ. 79 ಪ್ರೋಟಾನ್ ಎಳೆಯುವ ರಭಸಕ್ಕೆ ಒಳಗಿನ ಎಲೆಕ್ಟ್ರಾನ್‌ಗಳು ಬೆಳಕಿನ ಅರ್ಧಕ್ಕಿಂತ ಹೆಚ್ಚು ವೇಗದಲ್ಲಿರುತ್ತವೆ. ಐನ್‌ಸ್ಟೈನ್ ಹೇಳಿದ ಸಾಪೇಕ್ಷತೆ ಅಲ್ಲಿ ಕೆಲಸ ಮಾಡಿ ಹೊರಗಿನ ಸೀಟುಗಳನ್ನೂ ಸರಿಸುತ್ತದೆ. ಹಾಗಾಗಿ ಚಿನ್ನ ನೀಲಿ ಬೆಳಕನ್ನು ನುಂಗುತ್ತದೆ. ಅದಿಲ್ಲದಿದ್ದರೆ ಬೆಳ್ಳಿಯ ಹಾಗೆ ಬಿಳಿಯಾಗಿರುತ್ತಿತ್ತು, ರೇಟು ಎಷ್ಟಿರುತ್ತಿತ್ತೋ!

ಭೂಮಿ ಕಲ್ಲು, ಗುರುಗ್ರಹ ಅನಿಲ. ಒಂದೇ ಮೋಡದಿಂದ ಬಂದದ್ದಲ್ವಾ?

ಒಂದೇ ಮೋಡ. ಅದರಲ್ಲಿ ಶೇಕಡಾ 98 ಹೈಡ್ರೋಜನ್ ಮತ್ತು ಹೀಲಿಯಂ, ಉಳಿದ ಎರಡರಲ್ಲಿ ಮಿಕ್ಕೆಲ್ಲ. ಸೂರ್ಯನ ಹತ್ತಿರ ಸೆಕೆ ಜಾಸ್ತಿ. ಆ ಸೆಕೆಯಲ್ಲೂ ಗಟ್ಟಿಯಾಗಿ ಉಳಿಯುವ ಪರಮಾಣು ಕೂಟಗಳು ಕೆಲವೇ: ಕಬ್ಬಿಣ, ಮತ್ತು ಸಿಲಿಕಾನ್–ಮೆಗ್ನೀಸಿಯಂ–ಆಮ್ಲಜನಕ ಕೈಹಿಡಿದ ಕಲ್ಲು. ಭೂಮಿ ಅವುಗಳಿಂದಾಯಿತು. ದೂರದಲ್ಲಿ ನೀರೂ ಹರಳಾಗುವಷ್ಟು ಚಳಿ. ಅಲ್ಲಿ ಸಾಮಾನು ಜಾಸ್ತಿ, ಗುರು ಬೇಗ ದಪ್ಪಗಾಗಿ ಸುತ್ತಲಿನ ಹೈಡ್ರೋಜನನ್ನೂ ಬಾಚಿಕೊಂಡಿತು. ಈಗ ಅದು 318 ಭೂಮಿಗಳಷ್ಟು ಭಾರ.

ಈ ವಿಂಗಡಣೆ ಈಗಲೂ ನಡೆಯುತ್ತಿದೆ, ನಮ್ಮ ಹಿತ್ತಲಿನಲ್ಲೇ. ಮುರಕಲ್ಲು ಕಡಿಯುವ ಕ್ವಾರಿಗೆ ಹೋಗಿ ನೋಡಿ. ವರ್ಷಕ್ಕೆ ಹತ್ತಿರ ಹತ್ತಿರ 4,000 ಮಿಲಿಮೀಟರ್ ಸುರಿಯುವ ಮಳೆ ಬಂಡೆಯಿಂದ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಎಲ್ಲ ತೊಳೆದು ಕಡಲಿಗೆ ಒಯ್ದಿದೆ. ಸಿಲಿಕಾದಲ್ಲೂ ದೊಡ್ಡ ಪಾಲು ಹೋಯಿತು. ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಂಡ ಕಬ್ಬಿಣ, ಅಲ್ಯೂಮಿನಿಯಂ ಮಾತ್ರ ಉಳಿದವು. ಕೆಂಪು ಬಣ್ಣ ಆ ಕಬ್ಬಿಣದ ತುಕ್ಕಿನದ್ದು. ಕಡಿಯುವಾಗ ಮೆತ್ತಗೆ, ಗಾಳಿಗೆ ಒಣಗಿದ ಮೇಲೆ ಗಟ್ಟಿ. ಕೇರಳದ ಅಂಗಡಿಪುರದಲ್ಲಿ ಇದನ್ನು ನೋಡಿದ ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಲ್ಯಾಟರೈಟ್ ಅಂತ ಹೆಸರಿಟ್ಟರು. ಲ್ಯಾಟಿನ್‌ನಲ್ಲಿ ಇಟ್ಟಿಗೆ ಅಂತ ಅರ್ಥ. ನಾವು ಅದಕ್ಕೆ ಮೊದಲೇ ಅದರಲ್ಲಿ ಮನೆ ಕಟ್ಟಿ ಕೂತಿದ್ದೆವು.

ಸೇಂಟ್ ಮೇರೀಸ್ ದ್ವೀಪದ ಕಲ್ಲಿಗೆ ಎಂಟು ಚಿಲ್ಲರೆ ಕೋಟಿ ವರ್ಷ ಅಂತಾರೆ. ಯಾರು ಎಣಿಸಿದ್ದು?

ಪೊಟ್ಯಾಸಿಯಂ ಎಣಿಸಿದ್ದು. ಮಲ್ಪೆಯಿಂದ ದೋಣಿಯಲ್ಲಿ ಹೋದರೆ ಸಿಗುವ ಆ ಕಂಬದಂಥ ಕಲ್ಲುಗಳು ಲಾವಾ ತಣಿದು ಬಿರಿದು ಆದದ್ದು. ಭಾರತ ಮತ್ತು ಮಡಗಾಸ್ಕರ್ ಬೇರೆಯಾದ ಕಾಲದ್ದು. ಲಾವಾದಲ್ಲಿದ್ದ ಪೊಟ್ಯಾಸಿಯಂನಲ್ಲಿ ಅತಿ ಸಣ್ಣ ಪಾಲು ಪೊಟ್ಯಾಸಿಯಂ-40. ಅದು ತನ್ನಷ್ಟಕ್ಕೆ ಒಡೆಯುತ್ತಾ ಹೋಗುತ್ತದೆ, ಅದರಲ್ಲಿ ಒಂದು ಪಾಲು ಆರ್ಗಾನ್ ಅನಿಲ ಆಗುತ್ತದೆ. ಅರ್ಧ ಮುಗಿಯಲು 125 ಕೋಟಿ ವರ್ಷ. ಲಾವಾ ಕುದಿಯುವಾಗ ಹಳೆಯ ಆರ್ಗಾನ್ ಹಾರಿಹೋಗುತ್ತದೆ. ಗಟ್ಟಿಯಾದ ಮೇಲೆ ಹುಟ್ಟಿದ್ದು ಒಳಗೇ ಸಿಕ್ಕಿಬೀಳುತ್ತದೆ. ಅದನ್ನು ಅಳೆದರೆ ಸುಮಾರು 8.8 ಕೋಟಿ ವರ್ಷ. ದ್ವೀಪದಲ್ಲಿ ಸೆಲ್ಫಿ ತೆಗೆಯುವಾಗ ಆ ಗಡಿಯಾರದ ಮೇಲೆಯೇ ನಿಂತಿರುತ್ತೀರಿ.

ಉಳ್ಳಾಲದ ಮರಳಿನಲ್ಲಿ ವಿಕಿರಣ ಇದೆಯಂತೆ?

ಅಲ್ಲಿನ ಕಡಲತೀರದ ಮರಳಿನಲ್ಲಿ ಮೊನಜೈಟ್ ಅನ್ನುವ ಖನಿಜ ಇದೆ, ಅದರೊಳಗೆ ಥೋರಿಯಂ ಇದೆ. ಹಾಗಾಗಿ ನೈಸರ್ಗಿಕ ವಿಕಿರಣ ಬೇರೆ ಕಡೆಗಿಂತ ಜಾಸ್ತಿ. ಇದನ್ನು ಅಳೆದು ವರದಿ ಮಾಡಿದ್ದಾರೆ. ವಿಕಿರಣ ಅನ್ನುವುದು ಉಳ್ಳಾಲದಲ್ಲೊಂದೇ ಇರುವುದಲ್ಲ. ನಿಮ್ಮ ಮೈಯೊಳಗಿನ ಪೊಟ್ಯಾಸಿಯಂನಲ್ಲೇ ಪ್ರತಿ ಸೆಕೆಂಡಿಗೆ ನಾಲ್ಕು ಸಾವಿರಕ್ಕೂ ಹೆಚ್ಚು ಪರಮಾಣುಗಳು ಒಡೆಯುತ್ತಿರುತ್ತವೆ.

ಥೋರಿಯಂ ಕೂಡ ಚಿನ್ನದ ಹಾಗೆ ನ್ಯೂಟ್ರಾನ್ ಮಳೆಯಲ್ಲಿ ಹುಟ್ಟಿದ್ದು. ಅರ್ಧ ಮುಗಿಯಲು 1,400 ಕೋಟಿ ವರ್ಷ, ವಿಶ್ವದ ವಯಸ್ಸಿಗಿಂತ ಜಾಸ್ತಿ. ಯುರೇನಿಯಂ, ಥೋರಿಯಂ, ಪೊಟ್ಯಾಸಿಯಂ ಹೀಗೆ ಮೆಲ್ಲಗೆ ಒಡೆಯುವ ಶಾಖದಿಂದಲೇ ಭೂಮಿಯ ಒಳಗು ಇನ್ನೂ ಬಿಸಿಯಾಗಿದೆ, ಒಳಗಿನ ಶಾಖದಲ್ಲಿ ಹೆಚ್ಚುಕಡಿಮೆ ಅರ್ಧ ಪಾಲು ಅವುಗಳದ್ದು. ಥೋರಿಯಂ ಒಡೆಯುವಾಗ ಹೊರಬೀಳುವ ಆಲ್ಫಾ ಕಣ ಬೇರೇನೂ ಅಲ್ಲ, ಹೀಲಿಯಂನ ಬೀಜ. ಮಗುವಿನ ಹುಟ್ಟುಹಬ್ಬಕ್ಕೆ ತಂದ ಬಲೂನಿನ ಹೀಲಿಯಂ ಸೂರ್ಯನಿಂದ ಬಂದದ್ದಲ್ಲ, ನೆಲದೊಳಗೆ ಹೀಗೆ ಹುಟ್ಟಿದ್ದು.

ಜೀವಕ್ಕೆ ಇಂಗಾಲವೇ ಯಾಕೆ? ಸಿಲಿಕಾನ್‌ಗೂ ನಾಲ್ಕು ಕೈ ಇದೆಯಲ್ಲ?

ಇದೆ, ಬೇರೆ ಪರಮಾಣುಗಳನ್ನು ಹಿಡಿಯುವ ನಾಲ್ಕು ಕೈ. ಭೂಮಿಯ ಹೊರಪದರದಲ್ಲಿ ಸಿಲಿಕಾನ್ ಶೇಕಡಾ 28, ಇಂಗಾಲಕ್ಕಿಂತ ಎಷ್ಟೋ ಜಾಸ್ತಿ. ಆದರೆ ಸಿಲಿಕಾನ್ ಗಾತ್ರದಲ್ಲಿ ದೊಡ್ಡದು, ಹೊರಗಿನ ಎಲೆಕ್ಟ್ರಾನ್‌ಗಳು ಬೀಜದಿಂದ ದೂರ. ತನ್ನವರ ಕೈಯನ್ನು ಗಟ್ಟಿಯಾಗಿ ಹಿಡಿಯಲು ಬರುವುದಿಲ್ಲ, ಆಮ್ಲಜನಕ ಸಿಕ್ಕಿದರೆ ಮಾತ್ರ ಬಿಡುವುದೇ ಇಲ್ಲ.

ಇಂಗಾಲ ಎರಡು ಆಮ್ಲಜನಕದ ಜೊತೆ ಸೇರಿದರೆ ಅನಿಲ. ಉಸಿರಲ್ಲಿ ಬಿಡಬಹುದು, ಎಲೆ ಅದನ್ನು ಹಿಡಿಯಬಹುದು, ಮತ್ತೆ ಬಿಡಿಸಬಹುದು. ಸಿಲಿಕಾನ್ ಎರಡು ಆಮ್ಲಜನಕದ ಜೊತೆ ಸೇರಿದರೆ ಸಸಿಹಿತ್ಲು ಬೀಚಿನ ಮರಳು. ಸಿಲಿಕಾನ್ ಮನುಷ್ಯ ಪ್ರತಿ ಉಸಿರಿಗೂ ಒಂದು ಮುಷ್ಟಿ ಮರಳು ಕೆಮ್ಮಬೇಕಾಗುತ್ತಿತ್ತು.

ಐಸ್ ತೇಲುವುದಕ್ಕೂ ಜೀವಕ್ಕೂ ಏನು ಸಂಬಂಧ?

ಮಲ್ಪೆ ಬಂದರಿನಲ್ಲಿ ಬೆಳಿಗ್ಗೆ ನಿಂತರೆ ಐಸ್ ಪ್ಲಾಂಟಿನಿಂದ ಬಂದ ಉದ್ದುದ್ದ ಗಡ್ಡೆಗಳನ್ನು ಯಂತ್ರಕ್ಕೆ ಹಾಕಿ ಪುಡಿ ಮಾಡುವುದು ಕಾಣುತ್ತದೆ. ಬಂಗುಡೆ ಪೆಟ್ಟಿಗೆಯಲ್ಲಿ ಐಸ್ ಕರಗಿ ನೀರಾದ ಮೇಲೂ ಉಳಿದ ಚೂರುಗಳು ಮೇಲೆ ತೇಲುತ್ತಿರುತ್ತವೆ. ನಮಗೆ ಅದು ಮಾಮೂಲಿ. ಆದರೆ ಹೆಚ್ಚಿನ ವಸ್ತುಗಳು ಗಟ್ಟಿಯಾದರೆ ಮುಳುಗುತ್ತವೆ. ಗಟ್ಟಿ ತುಪ್ಪದ ಮುದ್ದೆಯನ್ನು ಕರಗಿದ ತುಪ್ಪಕ್ಕೆ ಹಾಕಿ ನೋಡಿ.

ನೀರಿನ ಅಣು ನೇರವಾಗಿಲ್ಲ, 104.5 ಡಿಗ್ರಿ ಬಾಗಿದೆ. ಆಮ್ಲಜನಕದ ಕಡೆ ಸ್ವಲ್ಪ ಋಣ, ಹೈಡ್ರೋಜನ್ ಕಡೆ ಸ್ವಲ್ಪ ಧನ. ಹಾಗಾಗಿ ಅಣುಗಳು ಒಂದನ್ನೊಂದು ಹಿಡಿಯುತ್ತವೆ. ಹೆಪ್ಪುಗಟ್ಟುವಾಗ ಪ್ರತಿಯೊಂದೂ ನಾಲ್ಕು ನೆರೆಯವರ ಕೈ ಹಿಡಿದು, ನಡುವೆ ಜಾಗ ಬಿಟ್ಟು ನಿಲ್ಲುತ್ತದೆ. ಸುಮಾರು ಶೇಕಡಾ 9ರಷ್ಟು ಹಿಗ್ಗುತ್ತದೆ, ತೇಲುತ್ತದೆ. ಚಳಿ ದೇಶದ ಕೆರೆ ಮೇಲಿನಿಂದ ಹೆಪ್ಪುಗಟ್ಟಿ, ಅಡಿಯಲ್ಲಿ ಮೀನಿಗೆ ನೀರು ಉಳಿಯುವುದು ಇದರಿಂದ. ಈ ಹಿಡಿತ ಇಲ್ಲದಿದ್ದರೆ ಏನಾಗುತ್ತಿತ್ತು ಅಂತ ನೋಡಲು ಹೈಡ್ರೋಜನ್ ಸಲ್ಫೈಡ್ ಇದೆ, ಕೊಳೆತ ಮೊಟ್ಟೆಯ ವಾಸನೆಯದ್ದು. ನೀರಿಗಿಂತ ಭಾರದ ಅಣು, ಆದರೂ ಸೊನ್ನೆಗಿಂತ 60 ಡಿಗ್ರಿ ಕೆಳಗೇ ಕುದಿಯುತ್ತದೆ. ನೀರು ಹಾಗಿದ್ದಿದ್ದರೆ ಮಲ್ಪೆಗೆ ಕಡಲೇ ಇರುತ್ತಿರಲಿಲ್ಲ.

ಸಿಡಿದ ನಕ್ಷತ್ರದ ಚೂರು ಈಗಲೂ ಭೂಮಿಗೆ ಬೀಳುತ್ತದಾ?

ಅಂಗೈ ಚಾಚಿ. ಸೆಕೆಂಡಿಗೆ ಸುಮಾರು ಒಂದು ಮ್ಯೂಯಾನ್ ಅದರ ಮೂಲಕ ಹಾದುಹೋಗುತ್ತಿದೆ. ಹೊರಗಿನಿಂದ ಬರುವ ಕಾಸ್ಮಿಕ್ ಕಿರಣ, ಹೆಚ್ಚಾಗಿ ಪ್ರೋಟಾನ್‌ಗಳು, ಗಾಳಿಗೆ ಬಡಿದಾಗ ಹುಟ್ಟುವ ಕಣ ಅದು. ಅವುಗಳಲ್ಲಿ ಬಹಳಷ್ಟಕ್ಕೆ ವೇಗ ಕೊಟ್ಟದ್ದು ನಕ್ಷತ್ರ ಸ್ಫೋಟಗಳೇ. ಇದೇ ಬಡಿತದಲ್ಲಿ ಸಾರಜನಕ ಬದಲಾಗಿ ಇಂಗಾಲ-14 ಆಗುತ್ತದೆ, ಹಳೆಯ ಮರದ ವಯಸ್ಸು ಹೇಳುವುದು ಅದು. ಇಲ್ಲೇ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್ ಸಂಶೋಧನೆಗೆ ಇಳಿದದ್ದೂ ಕಾಸ್ಮಿಕ್ ಕಿರಣಗಳಿಂದಲೇ. 1975ರ ಆರ್ಯಭಟ ಉಪಗ್ರಹ ಆಮೇಲಿನ ಮಾತು.

ಇದೆಲ್ಲ ಕಣಾದ ಮಹರ್ಷಿ ಮೊದಲೇ ಹೇಳಿದ್ದಲ್ವಾ?

ಅಜ್ಜಂದಿರ ಪ್ರಶ್ನೆ. ಕಣಾದರು ಪರಮಾಣುವಿನ ಮಾತು ಆಡಿದ್ದು ನಿಜ. ಒಡೆಯುತ್ತಾ ಹೋದರೆ ಒಂದು ಕಡೆ ನಿಲ್ಲಲೇಬೇಕು ಅನ್ನುವುದು ಬರಿಯ ಯೋಚನೆಯಿಂದ ಹೊಳೆದದ್ದು ದೊಡ್ಡದೇ. ಅವರ ದರ್ಶನವನ್ನು ಅನುಸರಿಸಿದ ವೈಶೇಷಿಕರ ಲೆಕ್ಕದಲ್ಲಿ ಎರಡು ಪರಮಾಣು ಸೇರಿ ದ್ವ್ಯಣುಕ, ಅಂಥ ಮೂರು ಸೇರಿ ತ್ರ್ಯಣುಕ, ಕಿಟಕಿಯ ಬಿಸಿಲಿನಲ್ಲಿ ಕುಣಿಯುವ ಧೂಳಿನಷ್ಟು. ಆದರೆ ಅವರ ಪರಮಾಣುಗಳು ನಾಲ್ಕು ಬಗೆ: ಮಣ್ಣು, ನೀರು, ಬೆಂಕಿ, ಗಾಳಿ. ಒಳಗೆ ಬೀಜ ಇಲ್ಲ, ಎಲೆಕ್ಟ್ರಾನ್ ಇಲ್ಲ. ಅವರ ಪರಮಾಣು ಒಡೆಯುವುದೇ ಇಲ್ಲ, ನಮ್ಮದು ಉಳ್ಳಾಲದಲ್ಲಿ ಒಡೆಯುತ್ತಾ ಕೂತಿದೆ. ಅವರನ್ನು ಗೌರವಿಸೋಣ. ಅವರು ಹೇಳದ್ದನ್ನು ಅವರ ಬಾಯಿಗೆ ತುರುಕುವುದು ಬೇಡ.

ಇದರಲ್ಲಿ ಏನನ್ನಾದರೂ ಕಣ್ಣಿನಿಂದ ನೋಡಬಹುದಾ?

ಮಳೆಗಾಲದಲ್ಲಾದರೆ ಪಿಲಿಕುಳದ ತಾರಾಲಯಕ್ಕೆ ಹೋಗಿ, ಅಲ್ಲಿ ಮೋಡದ ತೊಂದರೆ ಇಲ್ಲ. ನಿಜವಾದ ಆಕಾಶ ಬೇಕಾದರೆ ಡಿಸೆಂಬರ್ ತನಕ ಕಾಯಿರಿ. ರಾತ್ರಿ ಪೂರ್ವದಲ್ಲಿ ಮಹಾವ್ಯಾಧ ಏಳುತ್ತಾನೆ. ಅವನ ಹೆಗಲಿನ ಕೆಂಪು ನಕ್ಷತ್ರವೇ ಆರಿದ್ರಾ. ಹೌದು, ಜೂನ್ ಕೊನೆಯಲ್ಲಿ ಸುರಿಯುವ ಆರಿದ್ರಾ ಮಳೆಯ ಆರಿದ್ರಾ. ಮಳೆ ಬರುವಾಗ ಅದು ಸೂರ್ಯನ ಕಡೆಗೇ ಇರುವುದರಿಂದ ನಮಗೆ ಕಾಣಿಸುವುದಿಲ್ಲ. ಅದು ಹೈಡ್ರೋಜನ್ ಮುಗಿಸಿ ಉಬ್ಬಿದ ದೈತ್ಯ. ಒಳಗೆ ಹೀಲಿಯಂ ಇಂಗಾಲವಾಗುತ್ತಿದೆ. ಇನ್ನು ಸುಮಾರು ಒಂದು ಲಕ್ಷ ವರ್ಷದ ಆಸುಪಾಸಿನಲ್ಲಿ ಸಿಡಿಯುತ್ತದೆ ಅಂತ ಲೆಕ್ಕ. ಅವನ ಸೊಂಟಪಟ್ಟಿಯ ಕೆಳಗೆ ಒಂದು ಮಸುಕು ಚುಕ್ಕೆ ಇದೆ, ಅದು ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಮೋಡ. ಬೈನಾಕ್ಯುಲರ್ ಇದ್ದರೂ ಸಾಕು.

ನಮ್ಮ ಟೆರೇಸಿನಿಂದ ನೋಡುವವರು ಒಂಬತ್ತು ಗಂಟೆ ಕಳೆದು ಬನ್ನಿ. ಅದಕ್ಕೆ ಮೊದಲು ಪಕ್ಕದ ಮನೆಯ ತೆಂಗಿನ ಮರ ಅಡ್ಡ ಬರುತ್ತದೆ.